ನಲವತ್ತನೆಯ ದಿನದ ಪಾಸ್

ತೀಖೊನ್ ಬುಲಾವಿನ್ ಸತ್ತು ಮೂವತ್ತೊಂಬತ್ತು ದಿನ ಕಳೆದಿದ್ದರೂ ಎಫೀಮ್ ಜಪ್ಲಾತಿನ್ ಅವನಿಗೆ ಪಾಸ್ ಕೊಡುವುದನ್ನು ಬಿಟ್ಟಿರಲಿಲ್ಲ.

ಇದು ಯಾರೋ ಕುಡಿದು ಹೇಳಿದ ಕಥೆಯಲ್ಲ. ಚುಗುನ್ಸ್ಕ್ ಊರಿನ ಐಸ್ ಹಾಕಿ ಅರಮನೆಯಲ್ಲಿ, ಅಂದರೆ ಕ್ರೀಡಾಂಗಣದಲ್ಲಿ, ಏಳು ಸಾವಿರ ಜನ ಕಣ್ಣಾರೆ ಕಂಡದ್ದು. ಅರಮನೆಯಲ್ಲಿ ಇರುವುದೇ ಆರು ಸಾವಿರ ಕುರ್ಚಿ ಎಂದು ತಕರಾರು ತೆಗೆಯುವವರು ತೆಗೆಯಲಿ. ಚುಗುನ್ಸ್ಕಿನಲ್ಲಿ ಆಟ ನೋಡಲು ಕುರ್ಚಿ ಬೇಕೆನ್ನುವವನು ಹೊರ ಊರಿನವನೇ ಸೈ. ಎಡ ಅಂಚಿನಲ್ಲಿ ಗಾಳಿಯನ್ನು ಸೀಳಿಕೊಂಡು ಬರುವ ಎಫೀಮ್, ಎದುರಾಳಿಯ ನೀಲಿ ಗೆರೆ ದಾಟಿದ್ದೇ ತಡ, ತಲೆ ಎತ್ತದೆ ಕಣ್ಣು ಹಾಯಿಸದೆ ಕರಿ ರಬ್ಬರಿನ ಬಿಲ್ಲೆಯನ್ನು ಬಲಕ್ಕೆ, ಗೋಲಿನ ಆಚೆ ಕಂಬದ ಬಳಿಗೆ ತಳ್ಳಿಬಿಡುತ್ತಿದ್ದ. ಹನ್ನೊಂದು ವರ್ಷ ಅಲ್ಲಿ ತೀಖೊನ್ ಇರುತ್ತಿದ್ದ. ಈಗ ಯಾರೂ ಇರಲಿಲ್ಲ. ಬಿಲ್ಲೆ ಖಾಲಿ ಜಾಗವನ್ನು ಹಾದು ರಿಂಕಿನ ಆಚೆ ಬದಿಯ ಹಲಗೆ ಗೋಡೆಗೆ ಬಡಿಯುತ್ತಿತ್ತು. ಎಫೀಮ್ ಅಲ್ಲೇ, ಬೀದಿಯಲ್ಲಿ ಹೆಸರು ಹಿಡಿದು ಕರೆಸಿಕೊಂಡವನ ಹಾಗೆ ನಿಂತುಬಿಡುತ್ತಿದ್ದ.

ಫೈನಲ್ಲಿನ ಆರು ಆಟಗಳಲ್ಲಿ ಹೀಗೆ ಹನ್ನೊಂದು ಸಲ ಆಗಿತ್ತು. ಮೂರು ಆಟ ಎಫೀಮನ ಗೋರ್ನ್ ತಂಡ ಗೆದ್ದಿತ್ತು, ಮೂರು ವೋಲ್ಗಾ ದಡದ ತಂಡ. ಏಳನೆಯದು, ಕೊನೆಯದು, ನಾಳೆ ಸಂಜೆ ಚುಗುನ್ಸ್ಕಿನಲ್ಲೇ.

ಅಭ್ಯಾಸ ಮುಗಿದ ಮೇಲೆ ಕೋಚ್ ವಿಕೆಂತಿ ಸವ್ವಿಚ್ ಅವನನ್ನು ಹಲಗೆಯ ಪಕ್ಕ ನಿಲ್ಲಿಸಿಕೊಂಡ. ಈ ಕೋಚ್ ಪಿಸುಗುಟ್ಟಿದರೆ ಮೂರನೇ ಬೀದಿಯಲ್ಲಿ ಕಿಟಕಿ ಗಾಜು ಅದುರುತ್ತದೆ. ಅವನು ಅಂದು ಅಪ್ಪನ ಹೆಸರನ್ನೂ ಸೇರಿಸಿ ಕರೆದು, ನಿಜವಾಗಿಯೂ ಮೆತ್ತಗೆ ಮಾತಾಡಿದ. ಎಫೀಮನಿಗೆ ಹೆದರಿಕೆಯಾದದ್ದು ಅದಕ್ಕೇ.

"ಎಫೀಮ್ ಲುಕಿಚ್, ನಿನಗೆಷ್ಟು ವಯಸ್ಸು?"

"ಮೂವತ್ತಾರು, ವಿಕೆಂತಿ ಸವ್ವಿಚ್."

"ಮೂವತ್ತಾರಕ್ಕೆ ಇನ್ನೊಂದು ತಂಡ ಸಿಗಲ್ಲ ಕಣೋ. ನಾಳೆ ಇನ್ನೊಂದೇ ಒಂದು ಪಾಸು, ಒಂದೇ, ಆ ಖಾಲಿ ಜಾಗಕ್ಕೆ ಹೋದ್ರೆ, ಜೆರ್ಸಿ ಬಿಚ್ಚಿ ಇಟ್ಟು ಮನೆಗೆ ಹೋಗು. ವಾಪಸ್ ಬರಬೇಡ. ಅರ್ಥ ಆಯ್ತಾ?"

"ಆಯ್ತು."

"ಯಾಕೋ ಕೊಡ್ತೀಯ ಹಾಗೆ?"

ಎಫೀಮ್ ಕೋಲನ್ನು ಹಲಗೆಗೆ ಒರಗಿಸಿದ. ನಿಜ ಹೇಳಿದ್ದರೆ ನೇರ ಹುಚ್ಚಾಸ್ಪತ್ರೆಯ ಗಾಡಿ ಬರುತ್ತಿತ್ತು. ಅವನು ಪಾಸ್ ಕೊಡುತ್ತಿದ್ದುದು ಯಾಕೆಂದರೆ, ಆ ಜಾಗದಿಂದ ಬಿಲ್ಲೆ ಕೇಳುತ್ತಿದ್ದರು. ಹಾಕಿಯಲ್ಲಿ ಬಿಲ್ಲೆ ಬೇಕಾದವನು ಬಾಯಿ ಬಿಡುವುದಿಲ್ಲ, ಕೋಲಿನಿಂದ ಐಸ್ ಕುಟ್ಟುತ್ತಾನೆ. ಪ್ರತಿಯೊಬ್ಬನ ಕುಟ್ಟುವಿಕೆ ಅವನವನ ಕೆಮ್ಮಿನಷ್ಟೇ ಬೇರೆ. ತೀಖೊನನದು ಎರಡು ಬೇಗ, ಒಂದು ಉಸಿರು ಬಿಟ್ಟು ಇನ್ನೊಂದು. ಟಕ್‌ಟಕ್... ಟಕ್. ಅದು ಈಗಲೂ ಕೇಳುತ್ತಿತ್ತು. ಏಳು ಸಾವಿರ ಜನರ ಕೂಗಿನ ಅಡಿಯಿಂದ, ಐಸಿನ ಒಳಗಿನಿಂದಲೇ ಬಂದಷ್ಟು ಸ್ಪಷ್ಟವಾಗಿ.

ಚುಗುನ್ಸ್ಕಿನ ಚಳಿ ಎಂದರೆ, ಉಗುಳಿದರೆ ಅದು ನೆಲ ಮುಟ್ಟುವುದರೊಳಗೆ ಗೋಲಿಯಾಗಿ ಎರಡು ಸಲ ಪುಟಿಯುತ್ತದೆ. ಜನವರಿಯಲ್ಲಿ ಆಡಿದ ಮಾತು ಬಾಯಿಂದ ಹೊರಬಿದ್ದಲ್ಲೇ ಹೆಪ್ಪುಗಟ್ಟಿ, ಏಪ್ರಿಲಿನಲ್ಲಿ ಕರಗಿ ಕೇಳಿಸುತ್ತದೆ. ಆ ಊರಿನ ಅರ್ಧ ಮದುವೆ ಮುರಿದದ್ದು ಹಾಗೆಯೇ. ಅಂಥ ಊರಿನಲ್ಲಿ ಹುಟ್ಟಿದ ಎಫೀಮ್ ನಡೆಯಲು ಕಲಿಯುವ ಮುಂಚೆ ಜಾರಲು ಕಲಿತ. ಕ್ರೇನ್ ಓಡಿಸುತ್ತಿದ್ದ ಅಪ್ಪ ವಠಾರದ ಅಂಗಳಕ್ಕೆ ಪೈಪಿನಲ್ಲಿ ನೀರು ಬಿಟ್ಟು ರಿಂಕ್ ಮಾಡಿದ್ದ. ನಾಲ್ಕನೆಯ ವಯಸ್ಸಿನಲ್ಲಿ ಆ ಅಂಗಳದ ಎಡ ಅಂಚು ಹಿಡಿದವನು ಜೀವಮಾನದಲ್ಲಿ ಬಲಕ್ಕೆ ಬರಲಿಲ್ಲ. ಬಸ್ಸಿನಲ್ಲೂ ಎಡಗಡೆಯ ಸೀಟೇ. ಹದಿನೇಳಕ್ಕೆ ಗೋರ್ನ್ ತಂಡಕ್ಕೆ ಸೇರಿದ ದಿನವೇ ಎರಡು ಹಲ್ಲು ಕಳೆದುಕೊಂಡ. ಒಂದು ಆಗಲೇ ಸಿಕ್ಕಿತು, ಇನ್ನೊಂದು ಬೇಸಿಗೆಯಲ್ಲಿ ರಿಂಕ್ ಕರಗಿಸಿದಾಗ ತೇಲಿ ಬಂತು. ಇಪ್ಪತ್ನಾಲ್ಕಕ್ಕೆ ಕೆನಡಾದವರು ಕರೆಸಿಕೊಂಡರು. ಒಂದು ಚಳಿಗಾಲ ಆಡಿದ. ಒಳ್ಳೆಯ ಜನ, ಒಳ್ಳೆಯ ಐಸ್. ಆದರೆ ಅಲ್ಲಿ ಕುಟ್ಟುವವರ ಭಾಷೆ ಅವನಿಗೆ ತಿಳಿಯಲಿಲ್ಲ. ಯಾರು ಯಾವಾಗ ಕುಟ್ಟುತ್ತಾರೆ, ಕುಟ್ಟಿ ಎಲ್ಲಿಗೆ ಹೋಗುತ್ತಾರೆ, ಒಂದೂ ಹೊಂದಲಿಲ್ಲ. ವಾಪಸ್ ಬಂದ.

ಬಂದ ವಾರದಲ್ಲೇ ತೀಖೊನನನ್ನು ಅವನ ಪಕ್ಕಕ್ಕೆ ಹಾಕಿದರು. ತೀಖೊನ್ ಸೆಂಟರ್ ಆಟಗಾರ, ಒಲೆಯಂಥ ಅಗಲದ ಎದೆ, ದಿನಕ್ಕೆ ನಾಲ್ಕು ಮಾತು. ಅವನು ಎಫೀಮನಿಗೆ ಹೇಳಿಕೊಟ್ಟದ್ದು ಒಂದೇ ಪಾಠ: "ಪಾಸ್ ಕೊಟ್ಟು ನಿಂತ್ಕೋಬೇಡ. ಕೊಟ್ಟ ತಕ್ಷಣ ಗೋಲಿನ ಕಡೆ ಓಡು. ಮಿಕ್ಕಿದ್ದು ನನ್ನ ತಲೆನೋವು." ಹನ್ನೊಂದು ವರ್ಷ ಅಷ್ಟನ್ನೇ ಮಾಡಿದರು. ಅವರಿಬ್ಬರ ಗೋಲುಗಳನ್ನು ಬರೆದಿಡಲು ಸಂಘದವರು ಮೂರು ಗುಮಾಸ್ತರನ್ನು ಇಟ್ಟಿದ್ದರು, ಮೂವರಿಗೂ ಕೈ ನೋವು ಬಂತು ಎಂದರೆ ಸ್ವಲ್ಪ ಹೆಚ್ಚಾಯಿತು. ಇಬ್ಬರಿಗೆ ಬಂತು ಎಂದಿಟ್ಟುಕೊಳ್ಳೋಣ.

ಮಾರ್ಚಿನಲ್ಲಿ, ಕಪ್ಪಿನ ಕೊನೆಯ ಸುತ್ತುಗಳಾದ ಪ್ಲೇಆಫ್ ಶುರುವಾಗುವ ಮುಂಚೆ, ಕೋಚ್ ಒಂದು ದಿನ ರಜೆ ಕೊಟ್ಟ. ತೀಖೊನ್ ಕಾರ್ಖಾನೆಯ ಕೆರೆಗೆ ಮೀನು ಹಿಡಿಯಲು ಹೊರಟ. ಐಸಿಗೆ ತೂತು ಕೊರೆದು ಪೆಟ್ಟಿಗೆಯ ಮೇಲೆ ಕೂತರೆ ಅವನಿಗೆ ಸ್ವರ್ಗ. ದಡದವರೆಗೆ ಎಫೀಮ್ ಜೊತೆಗಿದ್ದ.

"ಫೀಮ, ಹೇಗಿದೆ ನೋಡೋ," ಎಂದ ತೀಖೊನ್.

ಎಫೀಮ್ ಹಿಮ್ಮಡಿಯಿಂದ ಐಸನ್ನು ಒದ್ದು, ತಲೆ ವಾಲಿಸಿ ಕೇಳಿದ. ಮೂವತ್ತೆರಡು ವರ್ಷ ಐಸಿನ ಮೇಲೆ ಬದುಕಿದವನು. ಸದ್ದಿನಲ್ಲೇ ದಪ್ಪ ಹೇಳುತ್ತೇನೆ ಎಂದು ಊರೆಲ್ಲ ಕೊಚ್ಚಿಕೊಂಡವನು.

"ಇದರ ಮೇಲೆ ರೈಲು ಓಡಿಸ್ಬಹುದು ಹೋಗೋ," ಎಂದ. "ನಾನು ಬಾನ್ಯಾ ಒಲೆ ಹಚ್ತೀನಿ. ಮೀನು ತಗೊಂಡು ಬಾ, ಹಬೇಲಿ ಕೂತು ತಿನ್ನೋಣ."

ಆ ವಾರ ಕಾರ್ಖಾನೆಯವರು ಬಿಸಿನೀರನ್ನು ಎಂದಿಗಿಂತ ಮುಂಚೆ ಕೆರೆಗೆ ಬಿಟ್ಟಿದ್ದರು. ಮೇಲೆ ಕಲ್ಲಿನಂತಿದ್ದ ಐಸನ್ನು ಅದು ಅಡಿಯಿಂದ ತಿನ್ನುತ್ತಾ ಹೋಗಿತ್ತು. ದಡದಲ್ಲಿ ಒದ್ದರೆ ನಡುನೀರಿನ ಸುದ್ದಿ ಕಾಲಿಗೆ ಹೇಗೆ ತಿಳಿಯಬೇಕು? ಎಫೀಮ್ ನಾಲ್ಕು ಗಂಟೆಯವರೆಗೆ ಬಾನ್ಯಾದ, ಅಂದರೆ ಹಬೆ ಸ್ನಾನದ ಮನೆಯ, ಒಲೆಗೆ ಸೌದೆ ಹಾಕಿದ. ಕಲ್ಲುಗಳು ಕೆಂಪಗಾದವು. ತೀಖೊನ್ ಬರಲಿಲ್ಲ.

ವಿಚಾರಿಸಲು ಬಂದವರಿಗೆ ಎಫೀಮ್ "ನಾನು ಮನೇಲಿದ್ದೆ" ಎಂದ. ದಡದ ಮಾತನ್ನು ಯಾರಿಗೂ ಹೇಳಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನವೇ, ಪ್ಲೇಆಫಿನ ಮೊದಲ ಆಟದಲ್ಲಿ, ಟಕ್‌ಟಕ್... ಟಕ್.

ಎಫೀಮನಿಗೆ ಅನುಮಾನವೇ ಇರಲಿಲ್ಲ. ಲೆಕ್ಕ ಕೇಳುತ್ತಿದ್ದಾನೆ. ರೈಲು ಓಡಿಸಬಹುದು ಅಂದೆಯಲ್ಲೋ ಎನ್ನುತ್ತಿದ್ದಾನೆ. ಸತ್ತವನ ಜೀವ ನಲವತ್ತು ದಿನ ತನ್ನವರ ಸುತ್ತಲೇ ಇರುತ್ತದೆ. ನಲವತ್ತನೆಯ ದಿನ ಊಟ ಹಾಕಿ, ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳದೆ ಕಳುಹಿಸಿಕೊಡಬೇಕು. ಕಳುಹಿಸದಿದ್ದರೆ? ನಲವತ್ತನೆಯ ದಿನ ಬಿದ್ದಿದ್ದು ಏಳನೆಯ ಆಟದ ದಿನವೇ. ಮಧ್ಯಾಹ್ನ ಊಟ, ಸಂಜೆ ಆಟ. ಮಧ್ಯಾಹ್ನ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಸಂಜೆಗೆ ಕಿವಿ ಖಾಲಿಯಾಗುತ್ತದೆ ಎಂದು ಅವನು ತೀರ್ಮಾನಿಸಿದ.

ಡ್ರೆಸಿಂಗ್ ರೂಮಿನಲ್ಲಿ ತೀಖೊನನ ಜಾಗವನ್ನು ಹಾಗೇ ಬಿಟ್ಟಿದ್ದರು. ಅಲ್ಲಿ ಒಂದು ಗ್ಲಾಸ್ ವೋಡ್ಕಾ, ಅದರ ಬಾಯಿಗೆ ಮುಚ್ಚಿದ ಒಂದು ತುಂಡು ಕಪ್ಪು ರೊಟ್ಟಿ, ಸತ್ತವನ ಪಾಲು. ವೋಡ್ಕಾ ದಿನಕ್ಕೊಂದು ಬೆರಳು ಇಳಿಯುತ್ತಿತ್ತು. ಸ್ಕೇಟುಗಳ ಅಲಗು ಮಸೆಯುವ ಮುದುಕ ಕುಜ್ಮಿಚ್ ಅದು ಆರಿ ಹೋಗುತ್ತದೆ ಎನ್ನುತ್ತಿದ್ದ. ಕುಜ್ಮಿಚನ ಮೂಗು ಬೇರೆಯೇ ಬಣ್ಣದಲ್ಲಿ ಸಾಕ್ಷಿ ಹೇಳುತ್ತಿತ್ತು. ನಲವತ್ತನೆಯ ದಿನ ಬೆಳಗ್ಗೆ ಅವನೇ ಗ್ಲಾಸನ್ನು ಅಂಚಿನವರೆಗೆ ತುಂಬಿಸಿ, ಹೊಸ ರೊಟ್ಟಿ ಮುಚ್ಚಿದ. "ಇವತ್ತು ಕೊನೇದು. ಪೂರ್ತಿ ಇರ್ಲಿ," ಎಂದ.

ತೀಖೊನನ ಹೆಂಡತಿ ಗ್ಲಫೀರಳ ಮನೆ ನಾಲ್ಕನೆಯ ಮಹಡಿಯಲ್ಲಿ. ಎರಡು ಕೋಣೆಯಲ್ಲಿ ಇಡೀ ತಂಡ. ಜೇನು ಹಾಕಿ ಬೇಯಿಸಿದ ಗೋಧಿಯನ್ನು ಒಬ್ಬೊಬ್ಬರೂ ಮೂರು ಚಮಚ ತಿಂದರು. ಆಮೇಲೆ ಬ್ಲಿನಿ, ತೆಳು ದೋಸೆಗಳು, ಬಂದವು. ಗ್ಲಫೀರಳ ಬ್ಲಿನಿಯ ತೆಳುವಿಗೆ ಅದರ ಮೂಲಕ ಪತ್ರಿಕೆ ಓದಬಹುದು, ಹವಾಮಾನದ ಸಣ್ಣಕ್ಷರ ಸಹಿತ. ಸತ್ತವನ ಹೆಸರಲ್ಲಿ ಕುಡಿಯುವ ಪದ್ಧತಿಯಂತೆ ಗ್ಲಾಸಿಗೆ ಗ್ಲಾಸು ತಾಗಿಸದೆ ಎಲ್ಲರೂ ಕುಡಿದರು. ಸಂಜೆ ಆಡುವವರಿಗೆ ಹಣ್ಣಿನ ಗಂಜಿ ಮಾತ್ರ ಎಂದು ಕೋಚ್ ಕಣ್ಣಲ್ಲೇ ಕಾವಲು ಕಾಯುತ್ತಿದ್ದ.

ಎಫೀಮ್ ಎದ್ದು ನಿಂತ. ಕುರ್ಚಿ ಕಿರ್ರೆಂದಿತು.

"ಗ್ಲಾಶ, ನಾನು ಅವತ್ತು ದಡದಲ್ಲಿದ್ದೆ. ಅವನು ಐಸ್ ಹೇಗಿದೆ ಅಂತ ಕೇಳ್ದ. ನಾನು ಒದ್ದು ನೋಡಿ, ರೈಲು ಓಡಿಸ್ಬಹುದು ಹೋಗು ಅಂದೆ. ಪೊಲೀಸರ ಹತ್ರ ಸುಳ್ಳು ಹೇಳ್ದೆ, ನಿನ್ನ ಹತ್ರಾನೂ. ಅವನನ್ನ ಕಳಿಸಿದ್ದು ನಾನು."

ಗ್ಲಫೀರ ಕೈಯಲ್ಲಿದ್ದ ತಟ್ಟೆಯನ್ನು ನಿಧಾನ ಕೆಳಗಿಟ್ಟಳು.

"ನೀನಲ್ಲ," ಎಂದಳು. "ಅವನು ಥರ್ಮೋಸ್ ಮರೆತು ಮೆಟ್ಟಿಲಿಂದ ವಾಪಸ್ ಬಂದ. ಮರೆತು ವಾಪಸ್ ಬಂದವನು ಕನ್ನಡೀಲಿ ಮುಖ ನೋಡ್ಕೊಂಡು ಹೋಗ್ಬೇಕಲ್ಲ? ಬೂಟಲ್ಲಿ ಒಳಗೆ ಬರ್ಬೇಡ, ಈಗಷ್ಟೇ ನೆಲ ಒರೆಸಿದೀನಿ ಅಂತ ನಾನು ಬೈದು, ಬಾಗಿಲಲ್ಲೇ ಥರ್ಮೋಸ್ ಕೊಟ್ಟು ಕಳಿಸ್ದೆ. ಕನ್ನಡಿ ನೋಡದೆ ಹೋದ. ನೆಲಕ್ಕೋಸ್ಕರ."

"ಏ, ಸುಮ್ನಿರಮ್ಮ," ಎಂದು ಕುಜ್ಮಿಚ್ ಮೂಲೆಯಿಂದ ಗೊಣಗಿದ. "ಆ ಐಸ್ ಕೊರೆಯೋ ಬೈರಿಗೆ ಮಸೆದುಕೊಟ್ಟೋನು ನಾನು. ಎಂಥಾ ಹರಿತ! ಉಕ್ಕನ್ನೂ ಬೆಣ್ಣೆ ಥರ ಕೊರೀತಿತ್ತು. ಮೊಂಡಾಗಿದ್ದಿದ್ರೆ ಬೇಜಾರಾಗಿ ಮನೆಗೆ ಬರ್ತಿದ್ದ."

"ರಜೆ ಕೊಟ್ಟಿದ್ದು ಯಾರು ಹಾಗಾದ್ರೆ?" ಕೋಚ್ ಮೇಜು ಗುದ್ದಿದ. "ಹತ್ತು ವರ್ಷದಲ್ಲಿ ಒಂದೇ ಒಂದು ರಜೆ ಕೊಟ್ಟೆ! ನಾನು!"

"ಸಾಕು!" ಗ್ಲಫೀರಳ ದನಿಗೆ ಕೋಚ್ ಕೂಡ ಕೂತುಕೊಂಡ. "ಎಲ್ರೂ ಹಂಚ್ಕೊಳ್ಳೋಕೆ ಅವನ ಸಾವೇನು ಬ್ಲಿನಿನಾ? ತಲೆಗೊಂದೊಂದು ಹಾಕ್ಲಾ? ನಲವತ್ತು ದಿನದಿಂದ ಒಬ್ಬೊಬ್ರೂ ಒಂದೊಂದು ಮೂಲೇಲಿ ಕಚ್ಚಿ ಹಿಡ್ಕೊಂಡಿದೀವಿ. ಅವನು ಹೋಗೋದಾದ್ರೂ ಹೇಗೆ?"

ಆಮೇಲೆ ಅವಳು ಎಫೀಮನನ್ನು ಅಡಿಗೆಮನೆಗೆ ಕರೆದಳು. ಕಿಟಕಿಯಲ್ಲಿ ಕೆರೆ ಕಾಣುತ್ತಿತ್ತು. ನಡುವೆ ಕಪ್ಪಗೆ ನೀರು ಬಿಟ್ಟಿತ್ತು.

"ನಂಗೆ ಏನೂ ಕಾಣಲ್ಲ, ಏನೂ ಕೇಳ್ಸಲ್ಲ ಫೀಮ," ಎಂದಳು. "ನಿನ್ನ ಆಟ ನೋಡ್ದೆ ಟೀವೀಲಿ. ನಿಂಗೆ ಕೇಳುತ್ತೆ. ಅಲ್ವಾ?"

ಅವನು ತಲೆ ಆಡಿಸಿದ.

"ಏನ್ ಮಾಡ್ತಾನೆ?"

"ಕೋಲು ಕುಟ್ತಾನೆ."

"ಸಿಟ್ಟಿಂದಾನಾ?"

ಅದನ್ನು ಯಾರೂ ಕೇಳಿರಲಿಲ್ಲ, ಎಫೀಮನೂ ಕೇಳಿಕೊಂಡಿರಲಿಲ್ಲ. "ಇಲ್ಲ," ಎಂದ. "ಯಾವಾಗ್ಲೂ ಕುಟ್ತಿದ್ದ ಹಾಗೇ."

ಗ್ಲಫೀರ ಅವನ ಕೋಟಿನ ಕಾಲರ್ ಸರಿಮಾಡಿ, ಬಾಗಿಲ ಪಕ್ಕದ ಕನ್ನಡಿಯ ಮುಂದೆ ಒಂದು ಕ್ಷಣ ನಿಲ್ಲಿಸಿ, ಕಳುಹಿಸಿದಳು.

ಸಂಜೆ ಚುಗುನ್ಸ್ಕಿನಲ್ಲಿ ಒಲೆಗಳೆಲ್ಲ ಆರಿದ್ದವು, ಬೆಕ್ಕುಗಳೂ ಸಹ ಅರಮನೆಯಲ್ಲಿದ್ದವು. ವೋಲ್ಗಾ ತಂಡದ ಗೋಲಿನಲ್ಲಿ ಆವತ್ತು ಮುಖ ಬದಲಾಗಿತ್ತು. ಆರು ಆಟಗಳಲ್ಲಿ ನಿಂತಿದ್ದವನು ಹೊಸ ಹುಡುಗ. ಅವರ ಹಳೆಯ ಗೋಲ್‌ಕೀಪರ್ ಇಲ್ದುಸ್ ಯಾರುಲ್ಲಿನ್ ಮೊಣಕಾಲು ಹೊಲಿಸಿಕೊಂಡು ಚಳಿಗಾಲವೆಲ್ಲ ಮಲಗಿದ್ದ. ಅವನು ಇಂದು ವಾಪಸಾಗಿದ್ದ. ಹನ್ನೊಂದು ವರ್ಷ ಎಫೀಮ್ ಮತ್ತು ತೀಖೊನರ ಗೋಲುಗಳನ್ನು ಅತಿ ಹೆಚ್ಚು ತಿಂದವನು ಅವನೇ. ಎಷ್ಟು ತಿಂದಿದ್ದನೆಂದರೆ ಅವನ ತೂಕವೇ ಅದರಿಂದ ಏರಿದ್ದು ಎಂದು ಚುಗುನ್ಸ್ಕಿನವರು ನಗುತ್ತಿದ್ದರು.

ಮೊದಲ ಸಲ ಐಸಿಗೆ ಇಳಿದಾಗ ಎಫೀಮ್ ಕಿವಿಗೊಟ್ಟ. ಹೇಳಿಯಾಯಿತು. ತಪ್ಪು ಒಪ್ಪಿಯಾಯಿತು. ನೀಲಿ ಗೆರೆ ದಾಟಿದ.

ಟಕ್‌ಟಕ್... ಟಕ್.

ಪಾಸ್ ಕೊಡಲಿಲ್ಲ, ಹಲ್ಲು ಕಚ್ಚಿ ತಾನೇ ಹೊಡೆದ, ಬಿಲ್ಲೆ ಎಲ್ಲೋ ಬಲೆಯ ಮೇಲೆ ಹಾರಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ. ಪ್ರತಿ ಸಲವೂ ಬಲಗಡೆ, ಆಚೆ ಕಂಬದ ಬಳಿ, ತಾಳ್ಮೆಯಿಂದ, ಟಕ್‌ಟಕ್... ಟಕ್. ಕ್ಷಮೆ ಬೇಕಿದ್ದರೆ ಕೇಳಿಯಾಗಿದೆಯಲ್ಲ! ಇನ್ನೇನು ಬೇಕು ಇವನಿಗೆ? ಎಫೀಮ್ ಹೋಗಿ ಬೆಂಚಿನಲ್ಲಿ ಕೂತ. ಕೋಚ್ ಅವನ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟು ತೆಗೆದ.

ಎರಡು-ಎರಡು. ಅರವತ್ತು ನಿಮಿಷ ಮುಗಿಯಿತು. ಇನ್ನು ಮೊದಲು ಗೋಲು ಹೊಡೆದವರದೇ ಕಪ್. ಹೆಚ್ಚುವರಿ ಆಟದ ಹನ್ನೆರಡನೆಯ ನಿಮಿಷದಲ್ಲಿ ಕೋಚ್ ಅವನ ಬೆನ್ನು ತಟ್ಟಿದ. ಎಫೀಮ್ ಹಲಗೆ ಹಾರಿ ಇಳಿದ.

ಬಿಲ್ಲೆ ಅವನ ಕೋಲಿಗೆ ಬಂದದ್ದು ಮಧ್ಯದ ಗೆರೆಯಲ್ಲಿ. ಅಲ್ಲಿಂದ ನೀಲಿ ಗೆರೆಗೆ ಅವನು ಹೋದ ವೇಗಕ್ಕೆ ಕೆಳಗಿನ ಐಸಿನಿಂದ ಹಬೆ ಎದ್ದಿತು ಎಂದು ಊರಿನವರು ಇಂದಿಗೂ ಆಣೆ ಹಾಕುತ್ತಾರೆ. ಎದುರಿಗೆ ಒಬ್ಬ ರಕ್ಷಕ, ಅವನ ಹಿಂದೆ ಇಲ್ದುಸ್. ಗೋಲಿನ ಹತ್ತಿರದ ಮೂಲೆಯನ್ನು ಇಲ್ದುಸ್ ಬೀರುವಿನಂತೆ ಮುಚ್ಚಿ ನಿಂತಿದ್ದ.

ಟಕ್‌ಟಕ್... ಟಕ್.

ಸಿಟ್ಟಲ್ಲ. ಯಾವಾಗಲೂ ಕುಟ್ಟುತ್ತಿದ್ದ ಹಾಗೇ. ಅಡಿಗೆಮನೆಯಲ್ಲಿ ತಾನೇ ಆಡಿದ ಮಾತು ಎಫೀಮನಿಗೆ ಈಗ ಕೇಳಿಸಿತು, ಜನವರಿಯ ಮಾತು ಏಪ್ರಿಲಿನಲ್ಲಿ ಕರಗಿ ಕೇಳಿಸಿದಂತೆ. ಹನ್ನೊಂದು ವರ್ಷ ಈ ಕೋಲು ಕೇಳಿದ್ದು ಏನನ್ನು? ಲೆಕ್ಕವನ್ನಲ್ಲ. ಕ್ಷಮೆಯನ್ನಲ್ಲ. ತೀಖೊನನಿಗೆ ಕೆರೆ ಮರೆತು ಹೋಗಿತ್ತೋ ಏನೋ. ಅವನಿಗೆ ಬಿಲ್ಲೆ ಬೇಕಿತ್ತು, ಅಷ್ಟೇ. ಖಾಲಿ ಇದ್ದೇನೆ, ಕೊಡೋ ಎನ್ನುತ್ತಿದ್ದ.

ಮೂವತ್ತಾರು ವರ್ಷ. ಇನ್ನೊಂದು ತಂಡ ಸಿಗದು. ಬೆಂಚಿನ ಕಡೆಯಿಂದ ಕೋಚ್‌ನ ಗರ್ಜನೆ ಕೇಳಿತು, "ಹೊಡಿಯೋ!"

"ತಗೋ ತೀಶ," ಎಂದ ಎಫೀಮ್ ಜೋರಾಗಿಯೇ, ಮತ್ತು ಬಿಲ್ಲೆಯನ್ನು ಬಲಕ್ಕೆ ಕೊಟ್ಟ. ಕಳ್ಳತನದ ಪಾಸಲ್ಲ, ಮೈಮರೆತ ಪಾಸಲ್ಲ. ಜೀವಮಾನದ ಅತ್ಯಂತ ಅಚ್ಚುಕಟ್ಟಾದ ಪಾಸು, ಐಸಿಗೆ ಅಂಟಿಕೊಂಡು ಹೋಗುವಂಥದ್ದು. ಕೊಟ್ಟು ಈ ಸಲ ನಿಲ್ಲಲಿಲ್ಲ. ಗೋಲಿನ ಕಡೆ ಓಡಿದ.

ಆಗ ಇಲ್ದುಸ್ ಯಾರುಲ್ಲಿನ್ ಹತ್ತಿರದ ಮೂಲೆ ಬಿಟ್ಟು, ಹೊಲಿದ ಮೊಣಕಾಲನ್ನೂ ಲೆಕ್ಕಿಸದೆ, ಮೈಯೆಲ್ಲ ಚಾಚಿ ಆಚೆ ಕಂಬಕ್ಕೆ ಹಾರಿಬಿದ್ದ. ಯಾರೂ ಇಲ್ಲದ ಜಾಗದ ಎದುರು ಅಡ್ಡ ಮಲಗಿದ. ರಕ್ಷಕ ಅವನ ಮೇಲೆ ಎಡವಿದ. ಬಿಲ್ಲೆ ಅವರಿಬ್ಬರ ಮುಂದೆ ಖಾಲಿಯಲ್ಲಿ ಹಾದು, ಬಲಬದಿಯ ಹಲಗೆಗೆ ನೆಟ್ಟಗೆ ಬಡಿದು, ಹೋದ ದಾರಿಯಲ್ಲೇ ವಾಪಸ್ ಬಂತು. ಎಫೀಮ್ ಅಲ್ಲಿದ್ದ. ಅವನ ಮುಂದೆ ಬಾಯಿ ತೆರೆದ ಬಲೆ. ಹೊಡೆಯುವುದೂ ಬೇಕಿರಲಿಲ್ಲ, ಕೋಲು ಇಟ್ಟ.

ಆ ಕೂಗಿಗೆ ಕೆರೆಯ ಮಿಕ್ಕ ಐಸ್ ಒಡೆಯಿತು. ಎಫೀಮನಿಗೆ ಮಾತ್ರ ಏನೂ ಕೇಳಿಸಲಿಲ್ಲ.

ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಕೈಕುಲುಕುವುದು ಪದ್ಧತಿ. ಇಲ್ದುಸ್ ಮುಖವಾಡವನ್ನು ನೆತ್ತಿಗೆ ಸರಿಸಿ, ಬೆವರು ಸುರಿಯುತ್ತಾ ಎಫೀಮನ ಕೈ ಹಿಡಿದು ಎಳೆದ.

"ಸೋತಿದ್ದಕ್ಕೆ ಕೇಳ್ತಿಲ್ಲ ಮಾರಾಯ. ಆದ್ರೆ ಅವನ್ಯಾಕೋ ಹೊಡೀಲಿಲ್ಲ? ಅಲ್ಲೇ ಕುಟ್ಟಿದ್ನಲ್ಲ, ಎರಡು ಬೇಗ, ಒಂದು ನಿಧಾನ, ಅದೇ ಹಾಳು ಸದ್ದು, ನಿದ್ದೇಲೂ ಗುರುತು ಸಿಗುತ್ತೆ ನಂಗೆ. ಬಿಟ್ಕೊಡ್ಬಾರ್ದು ಅಂತ ಹಾರಿದ್ರೆ..."

ಅಲ್ಲಿಗೆ ಅವನ ಬಾಯಿ ನಿಂತಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಓದಿದ ತೀಖೊನನ ಸಾವಿನ ಸುದ್ದಿ ಅವನ ಮುಖದ ಮೇಲೆ ನಿಧಾನವಾಗಿ ಬರುವುದನ್ನು ಎಫೀಮ್ ನೋಡಿದ. ಇಲ್ದುಸ್ ತಿರುಗಿ ಆಚೆ ಕಂಬದ ಕಡೆ ನೋಡಿದ. ಅವನ ಕೈ ಎಫೀಮನ ಕೈಯೊಳಗೆ ಮೀನಿನಂತೆ ತಣ್ಣಗಿತ್ತು.

"ಮುಗೀತು ಬಿಡು," ಎಂದ ಎಫೀಮ್. "ಅವನಿಗೆ ಸಿಕ್ತು."

ಡ್ರೆಸಿಂಗ್ ರೂಮಿನಲ್ಲಿ ಶಾಂಪೇನಿನ ಮಳೆ. ಕೋಚ್ ಎಫೀಮನ ಮುಂದೆ ಬಂದು ನಿಂತ.

"ಹೇಳಿದ್ದು ಹೇಳಿದ್ದೇ, ವಿಕೆಂತಿ ಸವ್ವಿಚ್," ಎಂದು ಎಫೀಮ್ ತಾನೇ ಜೆರ್ಸಿ ಬಿಚ್ಚಿದ.

"ಹಾಕ್ಕೊಳ್ಳೋ ಕತ್ತೆ. ಕಪ್ ಗೆದ್ದವನನ್ನ ಯಾರಾದ್ರೂ..."

"ಪಾಸ್ ಕೊಟ್ಟಿದ್ದು ಬೇಕೂ ಅಂತ್ಲೇ. ಸಾಕು ನಂಗೆ."

ಜೆರ್ಸಿಯನ್ನು ಮಡಿಸಿ ತೀಖೊನನ ಜಾಗದಲ್ಲಿಡಲು ಹೋದವನು ಅಲ್ಲೇ ನಿಂತ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಗದ್ದಲ ಇಳಿಯಿತು. ರೊಟ್ಟಿಯ ತುಂಡು ಬೆಳಗ್ಗೆ ಇಟ್ಟಂತೆಯೇ ಗ್ಲಾಸಿನ ಬಾಯಿಯ ಮೇಲೆ ನೆಟ್ಟಗಿತ್ತು. ಗ್ಲಾಸು ಖಾಲಿಯಾಗಿತ್ತು, ಒರೆಸಿಟ್ಟಷ್ಟು ಒಣಗಿತ್ತು.

ಇಡೀ ತಂಡ ಕುಜ್ಮಿಚನನ್ನು ನೋಡಿತು.

"ದೇವರಾಣೆ ನಾನಲ್ಲ!" ಮುದುಕ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. "ಬೆಳಗ್ಗಿಂದ ಊಟದ ಮನೇಲಿ, ಆಮೇಲೆ ಬೆಂಚಲ್ಲೇ ಇದ್ನಲ್ರೋ! ಮೊದಲಿನ ದಿನಗಳದ್ದು... ಸರಿ, ಮೊದಲಿನದ್ದು ಒಪ್ಕೋತೀನಿ. ಇವತ್ತಿಂದು ನಾನಲ್ಲ!"

ಯಾರೂ ನಗಲಿಲ್ಲ.

ಎಲ್ಲರೂ ಊರಿನ ಮೆರವಣಿಗೆಗೆ ಹೋದ ಮೇಲೂ ಎಫೀಮ್ ಉಳಿದುಕೊಂಡ. ರಿಂಕಿಗೆ ಬಂದು ಹಲಗೆಯ ಬಾಗಿಲಲ್ಲಿ ಕೂತ. ಐಸ್ ನಯ ಮಾಡುವ ಗಾಡಿ ಕೊನೆಯ ಸುತ್ತು ಮುಗಿಸಿ ಹೋಯಿತು. ಐಸಿನ ಮೇಲೆ ನೀರಿನ ತೆಳು ಪದರ ಹೊಳೆದು, ಹೆಪ್ಪುಗಟ್ಟಿ, ಮಂಕಾಯಿತು. ಆಚೆ ಕಂಬದ ಬಳಿ ಏನೂ ಇರಲಿಲ್ಲ. ಸದ್ದೂ ಇರಲಿಲ್ಲ. ನಲವತ್ತು ದಿನ ಅವನು ಬೇಡಿಕೊಂಡದ್ದು ಇದನ್ನೇ.

ಅವನು ಎಡಗಾಲಿನ ಸ್ಕೇಟಿನ ಲೇಸನ್ನು ಅರ್ಧ ಬಿಚ್ಚಿ, ಮತ್ತೆ ಬಿಗಿದ. ಕೋಲು ಎತ್ತಿಕೊಂಡು ಐಸಿಗೆ ಬಾಗಿದ.

ಎರಡು ಬೇಗ ಕುಟ್ಟಿದ. ಒಂದು ಉಸಿರು ಬಿಟ್ಟು ಇನ್ನೊಂದು.

ಮತ್ತು ಕಾದು ಕೂತ.